ಸಾಂಬ್ರಾದಲ್ಲಿ ಇಳಿಯುವ ಸಣ್ಣ ವಿಮಾನದ ಬಾಡಿಗೆ ಲೆಕ್ಕ

ಡಿಸೆಂಬರ್ ಬಂತೆಂದರೆ ಬೆಳಗಾವಿಯಲ್ಲಿ ಬಾಡಿಗೆ ಗಾಡಿಯವರಿಗೆ ಬಿಡುವಿರುವುದಿಲ್ಲ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ, ಲಾಡ್ಜ್‌ಗಳೆಲ್ಲ ಭರ್ತಿ, ಪ್ರತಿಭಟನೆಯವರ ಪೆಂಡಾಲ್‌ಗಳ ಸಾಲು. ನಮ್ಮ ಕಾಕಾ ಅವರದ್ದು ಒಂದು ಕ್ರೂಸರ್ ಇದೆ. ಅಂಥದ್ದೇ ಒಂದು ದಿನ ಯಾರನ್ನೋ ಕರೆತರಲು ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ರಸ್ತೆ ಬದಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದೆವು. ಹೊಲಗಳ ಮೇಲಿಂದ ಒಂದು ಸಣ್ಣ ಬಿಳಿ ವಿಮಾನ ಇಳಿಯಿತು. ಬಾಲದ ಹತ್ತಿರ ಎರಡು ಎಂಜಿನ್, ಪಕ್ಕದಲ್ಲಿ ಐದಾರು ಕಿಟಕಿ, ಅಷ್ಟೇ. ಅರ್ಧ ಗಂಟೆ ಆಗಿರಲಿಲ್ಲ, ಅದೇ ವಿಮಾನ ಮತ್ತೆ ಮೇಲೇರಿ ಬೆಂಗಳೂರು ದಿಕ್ಕಿಗೆ ತಿರುಗಿತು.

ಕಾಕಾ ಲೋಟ ಕೆಳಗಿಟ್ಟು ಕೇಳಿದರು: "ತಮ್ಮಾ, ಬಿಟ್ಟು ಹೊಳ್ಳಿ ಖಾಲಿ ಹೊಂಟತಲ್ಲ ಇದು. ಖಾಲಿ ಹೋಗೂದಕ್ಕೂ ರೊಕ್ಕ ಹಿಡಿತಾರೇನ?"

ಹಿಡಿಯುತ್ತಾರೆ. ಟಿವಿಯಲ್ಲಿ ಈ ವಿಷಯದ ಮೇಲೆ ಎಷ್ಟೋ ಜಗಳ ನೋಡಿದ್ದೇನೆ, ಈ ಪ್ರಶ್ನೆ ಯಾರೂ ಕೇಳಿದ್ದು ನೆನಪಿಲ್ಲ. ಮಂತ್ರಿಗಳು, ದೊಡ್ಡ ಅಧಿಕಾರಿಗಳು ಸರ್ಕಾರದ ದುಡ್ಡಲ್ಲಿ ಜೆಟ್ ವಿಮಾನ ಹತ್ತಿದಾಗಲೆಲ್ಲ ಗದ್ದಲ ಆಗುತ್ತದೆ, ನಾಲ್ಕು ದಿನಕ್ಕೆ ಆರಿಹೋಗುತ್ತದೆ. ಗದ್ದಲದಲ್ಲಿ ಸೀಟು ಎಷ್ಟು ಮೆತ್ತಗಿತ್ತು ಅನ್ನೋದೇ ದೊಡ್ಡ ಸುದ್ದಿ. ಲೆಕ್ಕ ಹೇಗೆ ಆಗುತ್ತದೆ, ತಪ್ಪು ಎಲ್ಲಿ ಹುಟ್ಟುತ್ತದೆ, ಅದನ್ನು ಹಿಡಿಯೋದು ಹೇಗೆ ಅಂತ ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ರಾಜ್ಯದ್ದೇ ಒಂದು ಘಟನೆ. 2023ರ ಡಿಸೆಂಬರ್. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದ ವರ್ಷ ಅದು. ಬರ ಪರಿಹಾರ ಕೇಳೋಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ದೆಹಲಿಗೆ ಹೋಗಿದ್ದರು. ವಾಪಸ್ ಬರುವಾಗ ಐಷಾರಾಮಿ ಜೆಟ್‌ನಲ್ಲಿ ಕೂತಿದ್ದ ವಿಡಿಯೋವನ್ನು ಸಚಿವ ಜಮೀರ್ ಅಹ್ಮದ್ ಖಾನ್ ತಾವೇ ಹಂಚಿಕೊಂಡರು. ಬಿಜೆಪಿಯವರು ಹಿಡಿದುಕೊಂಡರು: ರೈತರು ಬರದಲ್ಲಿದ್ದಾರೆ, ನೀವು ಜೆಟ್‌ನಲ್ಲಿದ್ದೀರಿ. ಮೋದಿ ಯಾವ ವಿಮಾನದಲ್ಲಿ ಓಡಾಡುತ್ತಾರೆ ಕೇಳಿ ಅಂತ ಸಿದ್ದರಾಮಯ್ಯ ತಿರುಗಿಸಿ ಕೇಳಿದರು. ಮಾತು ಅಲ್ಲಿಗೇ ನಿಂತಿತು. ಇವರು ಅವರ ಕಡೆ, ಅವರು ಇವರ ಕಡೆ ಬೆರಳು ತೋರಿಸಿದ ಮೇಲೆ, ಆ ಹಾರಾಟದ ಬಿಲ್ ಎಷ್ಟು, ಅದನ್ನು ಮಂಜೂರು ಮಾಡಿದವರು ಯಾರು, ಬೇರೆ ದಾರಿ ಇತ್ತಾ ಅನ್ನೋ ಪ್ರಶ್ನೆಗಳು ಮಧ್ಯದಲ್ಲೇ ಬಿದ್ದುಹೋದವು.

ಎರಡೂ ಕಡೆಯವರ ವಿಮಾನ ಒಂದೇ ಥರದ್ದಲ್ಲ, ಅದನ್ನು ಮೊದಲು ತಿಳಿದುಕೊಳ್ಳಬೇಕು. ಪ್ರಧಾನಿ, ರಾಷ್ಟ್ರಪತಿ, ಉಪರಾಷ್ಟ್ರಪತಿ ವಿದೇಶಕ್ಕೆ ಹೋಗುವಾಗ ಬಳಸೋದು ಎರಡು ಬೋಯಿಂಗ್ 777 ವಿಮಾನಗಳನ್ನು. ಅವನ್ನು ಓಡಿಸೋದು ವಾಯುಪಡೆಯ ಪೈಲಟ್‌ಗಳು. 2020ರಲ್ಲಿ ಅವು ಬಂದಾಗ ಸುಮಾರು 8,400 ಕೋಟಿ ರೂಪಾಯಿ ಅನ್ನೋ ಅಂಕಿ ಹಿಡಿದು ರಾಹುಲ್ ಗಾಂಧಿ ಟೀಕೆ ಮಾಡಿದರು. ಖರೀದಿ ಪ್ರಕ್ರಿಯೆ ಯುಪಿಎ ಕಾಲದಲ್ಲೇ ಶುರುವಾಗಿತ್ತು ಅಂತ ಸರ್ಕಾರದ ಕಡೆಯಿಂದ ಉತ್ತರ ಬಂತು. ದೇಶದೊಳಗಿನ ಓಡಾಟಕ್ಕೆ ದೆಹಲಿಯ ಪಾಲಂನಲ್ಲಿ ವಾಯುಪಡೆಯದ್ದೇ ಒಂದು ಪ್ರತ್ಯೇಕ ದಳ ಇದೆ. ಅಲ್ಲಿ ಬೋಯಿಂಗ್ ಬಿಸಿನೆಸ್ ಜೆಟ್, ಎಂಬ್ರೇಯರ್ ವಿಮಾನಗಳಿವೆ. ಇದು ಒಂದು ಬಗೆ. ಕೆಲವು ರಾಜ್ಯ ಸರ್ಕಾರಗಳು ಸ್ವಂತ ವಿಮಾನ ಇಟ್ಟುಕೊಂಡಿವೆ. ಗುಜರಾತ್ 2019ರಲ್ಲಿ 191 ಕೋಟಿ ಕೊಟ್ಟು ಬೊಂಬಾರ್ಡಿಯರ್ ಚಾಲೆಂಜರ್ ತಂದಿತು. ಮೂರನೆಯದು ಬಾಡಿಗೆ. ನಾಗರಿಕ ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಡಿಜಿಸಿಎ ಸಂಸ್ಥೆಯಿಂದ ಪರವಾನಗಿ ಪಡೆದ ಖಾಸಗಿ ಚಾರ್ಟರ್ ಕಂಪನಿಗಳಿರುತ್ತವೆ, ಅವರ ವಿಮಾನ ಅಥವಾ ಹೆಲಿಕಾಪ್ಟರನ್ನು ಸರ್ಕಾರ ಬೇಕಾದಾಗ ಹಿಡಿಯುತ್ತದೆ. ಸಾಂಬ್ರಾದಲ್ಲಿ ಅಧಿವೇಶನದ ಹೊತ್ತಿಗೆ ಇಳಿಯುವ ಸಣ್ಣ ಜೆಟ್‌ಗಳನ್ನು ಅರ್ಥಮಾಡಿಕೊಳ್ಳೋಕೆ ಈ ಮೂರನೆಯದು ಗೊತ್ತಿದ್ದರೆ ಸಾಕು.

ಈಗ ಬಾಡಿಗೆ ಲೆಕ್ಕಕ್ಕೆ ಬರೋಣ. ಮದುವೆಗೋ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ ಒಮ್ಮೆಯಾದರೂ ಕ್ರೂಸರ್ ಹಿಡಿದವರಿಗೆ ಜೆಟ್ ಬಾಡಿಗೆ ಅರ್ಥವಾಗೋದು ಕಷ್ಟವೇ ಅಲ್ಲ.

ಕಾಕಾ ಅವರ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇರುತ್ತದೆ. ರಟ್ಟಿನ ಅಂಚು ಸವೆದು ದಾರ ಬಂದಿದೆ, ಎರಡು ರಬ್ಬರ್ ಬ್ಯಾಂಡ್ ಹಾಕಿ ಅದರೊಳಗೆ ಪೆನ್ನು ಸಿಗಿಸಿದ್ದಾರೆ. ಒಳಗೆ ಸ್ಕೇಲ್ ಇಟ್ಟು ಗೆರೆ ಎಳೆದ ಕಾಲಮ್‌ಗಳು. ತಾರೀಖು, ಹಿಡಿದವರ ಹೆಸರು, ಎಲ್ಲಿಂದ ಎಲ್ಲಿಗೆ, ಓಪನಿಂಗ್ ಕಿಲೋಮೀಟರ್, ಕ್ಲೋಸಿಂಗ್ ಕಿಲೋಮೀಟರ್, ಡೀಸೆಲ್, ಟೋಲ್, ಬಾಟಾ, ಹಾಲ್ಟ್. ಬೆಳಗಾವಿಯಿಂದ ಬಾದಾಮಿಗೆ ಬರೀ ಬಿಟ್ಟುಬರುವ ಬಾಡಿಗೆ ಇದ್ದರೂ ಅವರು ಎರಡೂ ಕಡೆಯ ಕಿಲೋಮೀಟರ್ ಬರೆಯುತ್ತಾರೆ. ಯಾಕೆಂದರೆ ಗಾಡಿ ವಾಪಸ್ ಬರಲೇಬೇಕು, ಖಾಲಿ ಬಂದರೂ ಡೀಸೆಲ್ ಸುಡುತ್ತದೆ. ರಾತ್ರಿ ನಿಂತರೆ ಹಾಲ್ಟ್ ಚಾರ್ಜ್. ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಮಿನಿಮಮ್ ಇದೆ, ಅಷ್ಟು ಓಡದಿದ್ದರೂ ಅಷ್ಟರ ದುಡ್ಡು ಕೊಡಬೇಕು.

ಜೆಟ್‌ನದ್ದೂ ಹೀಗೇ. ಕಿಲೋಮೀಟರ್ ಬದಲು ಗಂಟೆ ಲೆಕ್ಕ. ಟೋಲ್ ಬದಲು ಲ್ಯಾಂಡಿಂಗ್, ಪಾರ್ಕಿಂಗ್ ಶುಲ್ಕ. ಡ್ರೈವರ್ ಬಾಟಾ ಬದಲು ಇಬ್ಬರು ಪೈಲಟ್ ಮತ್ತು ಸಿಬ್ಬಂದಿಯ ಊಟ, ವಸತಿ. ದಿನಕ್ಕೆ ಕನಿಷ್ಠ ಇಷ್ಟು ಗಂಟೆ ಅನ್ನೋ ಷರತ್ತು ಸಾಮಾನ್ಯವಾಗಿ ಇರುತ್ತದೆ. ಇದೆಲ್ಲದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಖಾಲಿ ಹಾರಾಟಕ್ಕೆ ಚಾರ್ಟರ್ ಧಂದೆಯವರು ಫೆರಿ ಅನ್ನುತ್ತಾರೆ.

ಸುಲಭಕ್ಕೆ ಗಂಟೆಗೆ 2 ಲಕ್ಷ ಅಂತ ಇಟ್ಟುಕೊಳ್ಳೋಣ. ಇದು ಲೆಕ್ಕ ತೋರಿಸೋಕೆ ನಾನೇ ಹಿಡಿದ ಅಂಕಿ, ವಿಮಾನದ ಗಾತ್ರದ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಬೆಳಗಾವಿಗೆ ಒಂದು ಗಂಟೆ ಅಂದುಕೊಳ್ಳಿ. ಸಾಹೇಬರು ಸೋಮವಾರ ಬಂದು ಗುರುವಾರ ಹೋಗುತ್ತಾರೆ. ನೋಡುವವರಿಗೆ ಇದು ಎರಡು ಗಂಟೆಯ ಹಾರಾಟ, 4 ಲಕ್ಷ. ಆದರೆ ಸೋಮವಾರ ವಿಮಾನ ಬಿಟ್ಟು ಖಾಲಿ ವಾಪಸ್ ಹೋಗುತ್ತದೆ, ಗುರುವಾರ ಖಾಲಿ ಬಂದು ಕರೆದುಕೊಂಡು ಹೋಗುತ್ತದೆ. ಒಟ್ಟು ನಾಲ್ಕು ಗಂಟೆ, 8 ಲಕ್ಷ. ಜಿಎಸ್‌ಟಿ ಸೇರಿ 9 ಲಕ್ಷ 44 ಸಾವಿರ. ಲ್ಯಾಂಡಿಂಗ್ ಶುಲ್ಕ ಬೇರೆ. ಹಾಗಂತ ಮೂರು ದಿನ ಇಲ್ಲೇ ನಿಲ್ಲಿಸಿಕೊಂಡರೆ ಅದಕ್ಕೂ ಕನಿಷ್ಠ ಗಂಟೆಗಳ ಚಾರ್ಜ್ ಬೀಳುತ್ತದೆ. ಸಾಂಬ್ರಾದಲ್ಲಿ ಜಾಗ ಸಿಗದಿದ್ದರೆ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿ ನಿಲ್ಲಬೇಕು, ಅದೂ ಒಂದು ಹಾರಾಟವೇ. ಎಂಟು ಸೀಟಿನ ವಿಮಾನದಲ್ಲಿ ಇಬ್ಬರೇ ಬಂದರೂ ಬಿಲ್ ಅಷ್ಟೇ.

ಈ ಲೆಕ್ಕ ಗೊತ್ತಿದ್ದರೆ ಉತ್ತರದಲ್ಲಿ ಎಲ್ಲಿ ಮುಚ್ಚಿಟ್ಟಿದ್ದಾರೆ ಅನ್ನೋದು ತಾನಾಗೇ ಕಾಣುತ್ತದೆ. "ಸಾಹೇಬರ ಪ್ರಯಾಣ ವೆಚ್ಚ" ಅಂತ ಒಂದು ಅಂಕಿ ಕೊಟ್ಟರೆ ಅದರಲ್ಲಿ ಖಾಲಿ ಹಾರಾಟ ಸೇರಿದೆಯಾ ಅಂತ ಕೇಳಬೇಕು.

ಇಷ್ಟು ಹೇಳಿದ ಮೇಲೆ ಜೆಟ್ ಹತ್ತಲೇಬಾರದು ಅಂತ ನಾನು ಹೇಳುವವನಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರೇ ನೀರಲ್ಲಿ ನಿಂತಾಗ ರಸ್ತೆಯೇ ಇರಲಿಲ್ಲ. ಆಗ ವೈಮಾನಿಕ ಸಮೀಕ್ಷೆ ಬೇಕೇ ಬೇಕಿತ್ತು. ವಿಜಯಪುರದ ಜನ ಬುರಣಾಪುರದ ವಿಮಾನ ನಿಲ್ದಾಣಕ್ಕೆ ವರ್ಷಗಟ್ಟಲೆ ಕಾದಿದ್ದಾರೆ, ಅಲ್ಲಿಗೆ ಮುಖ್ಯಮಂತ್ರಿ ಒಂದೇ ದಿನದಲ್ಲಿ ಬೆಂಗಳೂರಿಂದ ಬಂದು ಹೋಗಬೇಕೆಂದರೆ ಹೆಲಿಕಾಪ್ಟರ್ ಬಿಟ್ಟು ಬೇರೆ ದಾರಿ ಕಡಿಮೆ. ಭದ್ರತೆಯ ಮಾತೂ ಸುಳ್ಳಲ್ಲ. ಅಮೆರಿಕದಲ್ಲಿ ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್, ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನ ನಿರ್ದೇಶಕರಂಥ ಕೆಲವರು ಖಾಸಗಿ ಕೆಲಸಕ್ಕೂ ಸರ್ಕಾರಿ ವಿಮಾನವನ್ನೇ ಹತ್ತಬೇಕು ಅನ್ನೋ ನಿಯಮ ಇದೆ. ಯಾವ ಹೊತ್ತಲ್ಲೂ ಗುಪ್ತ ಸಂಪರ್ಕ ಕಡಿಯಬಾರದು ಅಂತ.

ಜೀವದ ಪ್ರಶ್ನೆಯೂ ಇದೆ, ಅದು ಎರಡೂ ಕಡೆ ಕತ್ತರಿಸುತ್ತದೆ. ಸಣ್ಣ ವಿಮಾನ, ಹೆಲಿಕಾಪ್ಟರ್‌ಗಳಲ್ಲಿ ನಾವು ಎಷ್ಟು ನಾಯಕರನ್ನು ಕಳೆದುಕೊಂಡಿದ್ದೇವೆ ನೋಡಿ. 2001ರಲ್ಲಿ ಮಾಧವರಾವ್ ಸಿಂಧಿಯಾ, 2002ರಲ್ಲಿ ಲೋಕಸಭಾ ಸ್ಪೀಕರ್ ಬಾಲಯೋಗಿ, 2009ರಲ್ಲಿ ನಲ್ಲಮಲ ಕಾಡಿನಲ್ಲಿ ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿ. 2023ರ ಮೇನಲ್ಲಿ ಡಿ.ಕೆ. ಶಿವಕುಮಾರ್ ಇದ್ದ ಹೆಲಿಕಾಪ್ಟರ್‌ಗೆ ಹೊಸಕೋಟೆ ಹತ್ತಿರ ಹಕ್ಕಿ ಬಡಿದು ಗಾಜು ಒಡೆದಿತ್ತು, ಪುಣ್ಯಕ್ಕೆ ಎಚ್‌ಎಎಲ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು. ಆದ್ದರಿಂದ ಅಗ್ಗದ್ದು ಹಿಡಿಯಿರಿ ಅಂತ ಒತ್ತಾಯ ಮಾಡೋದೂ ತಪ್ಪು, ಬೇಡದ ಕಡೆಯೆಲ್ಲ ಹಾರೋದೂ ತಪ್ಪು.

ಹಾಗಾದರೆ ಜಗಳ ಎಲ್ಲಿ ಶುರುವಾಗುತ್ತದೆ? ಬೇರೆ ದೇಶಗಳ ಮೂರು ನಾಲ್ಕು ಪ್ರಕರಣ ನೋಡಿದರೆ ಸ್ಪಷ್ಟವಾಗುತ್ತದೆ. ಅಲ್ಲಿ ಕುರ್ಚಿಗಳೇ ಹೋಗಿವೆ.

ಆಸ್ಟ್ರೇಲಿಯಾದ ಸಂಸತ್ತಿನ ಸ್ಪೀಕರ್ ಆಗಿದ್ದ ಬ್ರಾನ್ವಿನ್ ಬಿಷಪ್ ಮೆಲ್ಬೋರ್ನ್‌ನಿಂದ ಜಿಲಾಂಗ್ ಅನ್ನೋ ಊರಿಗೆ ಬಾಡಿಗೆ ಹೆಲಿಕಾಪ್ಟರ್‌ನಲ್ಲಿ ಹೋದರು. ದೂರ ಸುಮಾರು 80 ಕಿಲೋಮೀಟರ್, ನಮ್ಮ ಬೆಳಗಾವಿಯಿಂದ ಧಾರವಾಡಕ್ಕೆ ಇದ್ದಷ್ಟು. ಹೋಗಿದ್ದು ಪಕ್ಷಕ್ಕೆ ದೇಣಿಗೆ ಕೂಡಿಸುವ ಸಮಾರಂಭಕ್ಕೆ. ಬಿಲ್ 5,227 ಡಾಲರ್, ಅದು ಸರ್ಕಾರದ ಲೆಕ್ಕಕ್ಕೆ ಬಿತ್ತು. 2015ರಲ್ಲಿ ಇದು ಹೊರಬಂದಾಗ ಅವರು ದುಡ್ಡು ವಾಪಸ್ ಕಟ್ಟಿದರು, ಆದರೂ ಜನ ಬಿಡಲಿಲ್ಲ. ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಮೊತ್ತ ಅಷ್ಟೇನೂ ದೊಡ್ಡದಲ್ಲ, ಗಮನಿಸಿ. ಪಕ್ಷದ ಕೆಲಸಕ್ಕೆ ಸರ್ಕಾರದ ಗಾಡಿ ಹಿಡಿದಿದ್ದು ಜನರಿಗೆ ಚುಚ್ಚಿತು. ನಂತರ 2017ರಲ್ಲಿ ಆರೋಗ್ಯ ಸಚಿವೆ ಸೂಸನ್ ಲೇ ಕೂಡ ಪ್ರಯಾಣ ವೆಚ್ಚದ ವಿವಾದದಲ್ಲೇ ಹುದ್ದೆ ಬಿಟ್ಟರು. ಅದೇ ವರ್ಷ ಸಂಸದರ ಖರ್ಚು ನೋಡಿಕೊಳ್ಳೋಕೆ ಆ ದೇಶ ಒಂದು ಸ್ವತಂತ್ರ ಪ್ರಾಧಿಕಾರವನ್ನೇ ಕಟ್ಟಿತು. ಯಾರು ಎಲ್ಲಿಗೆ ಹೋದರು, ಎಷ್ಟಾಯಿತು ಅಂತ ಅದು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ.

ಅಮೆರಿಕದ ಆರೋಗ್ಯ ಕಾರ್ಯದರ್ಶಿ (ಅಲ್ಲಿ ಸಚಿವರಿಗೆ ಹಾಗನ್ನುತ್ತಾರೆ) ಟಾಮ್ ಪ್ರೈಸ್ ಅವರದ್ದು ಇನ್ನೂ ಹತ್ತಿರದಿಂದ ನೋಡಬೇಕಾದ ಕಥೆ. 2017ರಲ್ಲಿ ಕೆಲವೇ ತಿಂಗಳಲ್ಲಿ ಅವರು ಹಿಡಿದ ಖಾಸಗಿ ಜೆಟ್‌ಗಳ ಬಿಲ್ 4 ಲಕ್ಷ ಡಾಲರ್ ದಾಟಿತ್ತು. ಅದರಲ್ಲೊಂದು ವಾಷಿಂಗ್ಟನ್‌ನಿಂದ ಫಿಲಡೆಲ್ಫಿಯಾಕ್ಕೆ, ಸುಮಾರು 25,000 ಡಾಲರ್. ಹೆಚ್ಚುಕಮ್ಮಿ ಬೆಳಗಾವಿಯಿಂದ ವಿಜಯಪುರದ ದೂರ, ಮಧ್ಯೆ ದಿನವಿಡೀ ರೈಲುಗಳಿವೆ. ಗದ್ದಲ ಎದ್ದ ಮೇಲೆ ಅವರು "ನನ್ನ ಸೀಟಿನ ದುಡ್ಡು ನಾನು ಕಟ್ಟುತ್ತೇನೆ" ಅಂದರು. ಎಷ್ಟು? 51,887 ಡಾಲರ್. ಸೆಪ್ಟೆಂಬರ್ 29ಕ್ಕೆ ರಾಜೀನಾಮೆ.

ಈ "ನನ್ನ ಸೀಟಿನ ದುಡ್ಡು" ಅನ್ನೋದನ್ನ ಬಿಡಿಸಿ ನೋಡಿ, ಇಡೀ ವಿವಾದದ ಗಂಟು ಇಲ್ಲೇ ಇದೆ. ಒಬ್ಬರು ಎಲ್ಲಮ್ಮನ ಗುಡ್ಡಕ್ಕೆ ಅಂತ ಇಡೀ ಕ್ರೂಸರ್ ಹಿಡಿದು, ವಾಪಸ್ ಬಂದ ಮೇಲೆ ಕಾಕಾ ಅವರ ಕೈಗೆ ಕೆಂಪು ಬಸ್ಸಿನ ಟಿಕೆಟ್ ದರ ಇಟ್ಟರೆ ಏನಾಗುತ್ತದೆ? ನಾನೊಬ್ಬನೇ ಕೂತಿದ್ದೆ, ಬಸ್ಸಿಗೆ ಇಷ್ಟೇ ಆಗುತ್ತಿತ್ತು ಅಂತ. ಗಾಡಿ ಪೂರ್ತಿ ಓಡಿದೆಯಲ್ಲ. ವಿಮಾನದಲ್ಲಿ ಮಾತ್ರ ಈ ಲೆಕ್ಕ ನಡೆಯುತ್ತದೆ. ಅಮೆರಿಕದಲ್ಲಿ ಸರ್ಕಾರಿ ವಿಮಾನವನ್ನು ಖಾಸಗಿ ಕೆಲಸಕ್ಕೆ ಬಳಸಿದ ದೊಡ್ಡ ಅಧಿಕಾರಿ ವಾಪಸ್ ಕಟ್ಟಬೇಕಾದ್ದು ಸಾಮಾನ್ಯ ವಿಮಾನದ ಎಕಾನಮಿ ಟಿಕೆಟ್ ದರ ಅಷ್ಟೇ. ಉಳಿದದ್ದು ತೆರಿಗೆ ಕಟ್ಟುವವರ ತಲೆಗೆ. ದುಡ್ಡು ಕಟ್ಟಿದ್ದೇನೆ ಅನ್ನೋದು ಸುಳ್ಳಲ್ಲ, ಆದರೆ ಅದು ಪೂರ್ತಿ ನಿಜವೂ ಅಲ್ಲ. ನಮ್ಮಲ್ಲಿ ಯಾರಾದರೂ ಹಾಗಂದಾಗ ಯಾವ ದರದಲ್ಲಿ ಅಂತ ಮೊದಲು ಕೇಳಬೇಕು.

1991ರಲ್ಲಿ ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥರಾಗಿದ್ದ ಜಾನ್ ಸುನುನು ಇದೇ ನಿಯಮದ ನೆರಳಲ್ಲಿ ಸೇನೆಯ ಜೆಟ್‌ಗಳಲ್ಲಿ ಎರಡು ವರ್ಷಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಲ ಹಾರಿದ್ದರು. ಹಲ್ಲಿನ ಡಾಕ್ಟರ ಹತ್ತಿರ ಹೋಗೋಕೂ ಬಳಸಿದ್ದು ಹೊರಬಂತು. ಆಮೇಲೆ ಸರ್ಕಾರಿ ಕಾರಿನಲ್ಲಿ ನ್ಯೂಯಾರ್ಕ್‌ನ ಅಂಚೆ ಚೀಟಿ ಹರಾಜಿಗೆ ಹೋಗಿದ್ದೂ ಸೇರಿಕೊಂಡಿತು. ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು.

ಎಫ್‌ಬಿಐ ವಿಮಾನಗಳದ್ದು ಬೇರೆ ಥರದ ಪ್ರಶ್ನೆ, ಯಾಕೆಂದರೆ ಅವು ಇರೋದೇ ತನಿಖೆ, ಭಯೋತ್ಪಾದನೆ ತಡೆಯಂಥ ಕೆಲಸಕ್ಕೆ. 2007ರಿಂದ 2011ರವರೆಗಿನ ಲೆಕ್ಕ ತೆಗೆದ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2013ರಲ್ಲಿ ವರದಿ ಕೊಟ್ಟಿತು. ನ್ಯಾಯ ಇಲಾಖೆಯ ದೊಡ್ಡವರು ತನಿಖೆಗೆ ಸಂಬಂಧವಿಲ್ಲದೆ ಸುಮಾರು 700 ಸಲ ಹಾರಿದ್ದರು, ಖರ್ಚು 1.1 ಕೋಟಿ ಡಾಲರ್‌ಗೂ ಜಾಸ್ತಿ. ಅದರಲ್ಲಿ ಹೆಚ್ಚಿನದು ಕಚೇರಿ ಕೆಲಸದ ಸಭೆ, ಸಮ್ಮೇಳನ. ಸುಮಾರು ಕಾಲು ಭಾಗ ಸ್ವಂತದ್ದು. 2025ರ ಅಕ್ಟೋಬರ್‌ನಲ್ಲಿ ನಿರ್ದೇಶಕ ಕಾಶ್ ಪಟೇಲ್ ಪೆನ್ಸಿಲ್ವೇನಿಯಾದಲ್ಲಿ ತಮ್ಮ ಗೆಳತಿ ಹಾಡಿದ ಕುಸ್ತಿ ಕಾರ್ಯಕ್ರಮಕ್ಕೆ ಎಫ್‌ಬಿಐ ಜೆಟ್‌ನಲ್ಲಿ ಹೋದರು ಅಂತ ಮತ್ತೆ ಗದ್ದಲ ಎದ್ದಿತು. ನಿರ್ದೇಶಕ ಆಗೋ ಮೊದಲು ಹಿಂದಿನ ನಿರ್ದೇಶಕರ ಜೆಟ್ ಓಡಾಟವನ್ನು ಇದೇ ಪಟೇಲ್ ಟೀಕಿಸಿದ್ದರು. ಕುರ್ಚಿ ಬದಲಾದ ಮೇಲೆ ಮಾತು ಬದಲಾಗೋದನ್ನ ನಾವು ಇಲ್ಲೂ ನೋಡಿದ್ದೇವಲ್ಲ, ಅದಕ್ಕೇ ಯಾರ ಮಾತಿನ ಮೇಲೂ ನಿಲ್ಲಬಾರದು, ದಾಖಲೆ ಬೇಕು ಅಂತ ನಾನು ಹಠ ಹಿಡಿಯೋದು.

ಆ ಸುದ್ದಿ ಹೊರಬರೋಕೆ ನೆರವಾಗಿದ್ದು ಯಾರ ಫೋನಲ್ಲೂ ಸಿಗೋ ಮಾಹಿತಿ. ಈಗಿನ ಹೆಚ್ಚಿನ ವಿಮಾನಗಳು ಹಾರುವಾಗ ತಮ್ಮ ಗುರುತು, ಎತ್ತರ, ಜಾಗವನ್ನು ರೇಡಿಯೋ ಮೂಲಕ ಹೇಳುತ್ತಲೇ ಇರುತ್ತವೆ. ಡಿಕ್ಕಿ ತಪ್ಪಿಸೋಕೆ ಇರುವ ವ್ಯವಸ್ಥೆ ಅದು. ಸಣ್ಣ ಆಂಟೆನಾ ಇಟ್ಟುಕೊಂಡ ಹವ್ಯಾಸಿಗಳು ಅದನ್ನು ಹಿಡಿದು ಫ್ಲೈಟ್‌ರಾಡಾರ್‌ನಂಥ ಆ್ಯಪ್‌ಗಳಿಗೆ ಕೊಡುತ್ತಾರೆ. ಸಾಂಬ್ರಾದ ಚಹಾ ಅಂಗಡಿ ಮುಂದೆ ಕೂತು ಆ ಬಿಳಿ ವಿಮಾನ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಅಂತ ನೋಡಬಹುದು. ಆದರೆ ಒಳಗೆ ಯಾರಿದ್ದಾರೆ, ಯಾಕೆ ಬಂದರು, ದುಡ್ಡು ಯಾರದ್ದು ಅಂತ ಆ್ಯಪ್ ಹೇಳೋದಿಲ್ಲ. ಕಾಕಾ ನೋಟ್‌ಬುಕ್‌ನ ಮೂರು ಕಾಲಮ್ ಮಾತ್ರ ಅಲ್ಲಿ ಸಿಗುತ್ತದೆ, ಉಳಿದದ್ದು ಖಾಲಿ.

ಚುನಾವಣೆ ಹೊತ್ತಿನ ನಿಯಮ ನಮ್ಮಲ್ಲಿ ಕಾಗದದ ಮೇಲೆ ಗಟ್ಟಿಯಾಗೇ ಇದೆ. ಮಾದರಿ ನೀತಿ ಸಂಹಿತೆ ಬಂದ ಮೇಲೆ ಸರ್ಕಾರಿ ವಿಮಾನ, ವಾಹನ, ಸಿಬ್ಬಂದಿಯನ್ನು ಆಳುವ ಪಕ್ಷದ ಅನುಕೂಲಕ್ಕೆ ಬಳಸುವಂತಿಲ್ಲ. ಸಚಿವರು ಸರ್ಕಾರಿ ಪ್ರವಾಸವನ್ನೂ ಪ್ರಚಾರವನ್ನೂ ಸೇರಿಸುವಂತಿಲ್ಲ. ಭದ್ರತೆ ಕಾರಣಕ್ಕೆ ಪ್ರಧಾನಿಗೆ ಮಾತ್ರ ವಿನಾಯಿತಿ. ಈ ಪ್ರಶ್ನೆ ಹಳೆಯದು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿ ಅವರ ಆಯ್ಕೆಯನ್ನು ರದ್ದು ಮಾಡಿತಲ್ಲ, ಆ ಅರ್ಜಿಯಲ್ಲಿ ವಾಯುಪಡೆ ವಿಮಾನ ಬಳಸಿದ ಆರೋಪವೂ ಇತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ತೀರ್ಪು ನಿಂತಿದ್ದು ಸರ್ಕಾರಿ ನೌಕರರಾಗಿದ್ದಾಗಲೇ ಯಶಪಾಲ್ ಕಪೂರ್ ಅವರಿಂದ ಚುನಾವಣಾ ಕೆಲಸ ಮಾಡಿಸಿದ್ದರ ಮೇಲೆ, ಸರ್ಕಾರಿ ಅಧಿಕಾರಿಗಳಿಂದ ಭಾಷಣದ ವೇದಿಕೆ ಕಟ್ಟಿಸಿದ್ದರ ಮೇಲೆ. ಆಗಲೇ ಈ ಚರ್ಚೆ ಕೋರ್ಟ್ ಮೆಟ್ಟಿಲು ಹತ್ತಿ ಇಳಿದಾಗಿತ್ತು.

ಚುನಾವಣೆ ಇಲ್ಲದ ಹೊತ್ತಲ್ಲಿ ಏನು? ಅಲ್ಲೇ ಕಗ್ಗಂಟು. ಒಬ್ಬ ಸಚಿವರು ಬೆಳಗ್ಗೆ ಪ್ರಗತಿ ಪರಿಶೀಲನಾ ಸಭೆ ಮಾಡುತ್ತಾರೆ, ಮಧ್ಯಾಹ್ನ ಪಕ್ಷದ ಸಮಾವೇಶ, ಸಂಜೆ ಬೀಗರ ಮನೆ ಮದುವೆ. ವಿಮಾನ ಒಂದೇ. ಟೂರ್ ಪ್ರೋಗ್ರಾಂನಲ್ಲಿ ಮೊದಲನೇ ಸಾಲು ಸರ್ಕಾರಿ ಕೆಲಸ ಆಗಿದ್ದರೆ ಇಡೀ ದಿನ ಸರ್ಕಾರಿ ದಿನವೇ. ಇಂಥ ಮಿಶ್ರ ಪ್ರಯಾಣದಲ್ಲಿ ಯಾವ ಕೆಲಸಕ್ಕೆ ವಿಮಾನ ಬೇಕಾಯಿತು ಅನ್ನೋದನ್ನ ಹಾರಾಟಕ್ಕೆ ಮೊದಲೇ ಬರೆದಿಡದಿದ್ದರೆ ಆಮೇಲೆ ಯಾರೂ ಬಿಡಿಸೋಕೆ ಆಗೋದಿಲ್ಲ.

ನಮ್ಮ ಅಕ್ಕ ಸರ್ಕಾರಿ ನೌಕರಿಯಲ್ಲಿದ್ದಾರೆ. ಒಮ್ಮೆ ತರಬೇತಿಗೆ ಅಂತ ಬೆಂಗಳೂರಿಗೆ ಹೋಗಿ ಬಂದು ಟಿಎ ಬಿಲ್ ಹಾಕಿದರು. ಬಸ್ ಟಿಕೆಟ್ ಲಗತ್ತಿಸಿದ್ದರು. ಆ ಮಷೀನ್ ಟಿಕೆಟ್ ಗೊತ್ತಲ್ಲ, ತೆಳ್ಳನೆ ಕಾಗದ, ಪರ್ಸಲ್ಲಿ ಹದಿನೈದು ದಿನ ಇದ್ದರೆ ಅಕ್ಷರವೆಲ್ಲ ಮಾಸಿಹೋಗುತ್ತದೆ. ಮೊತ್ತ ಕಾಣಿಸುತ್ತಿಲ್ಲ ಅಂತ ಬಿಲ್ ವಾಪಸ್ ಬಂತು. ಅಕ್ಕ ಆ ಟಿಕೆಟನ್ನು ಕಿಟಕಿ ಬೆಳಕಿಗೆ ಹಿಡಿದು, ಅಂಕಿಗಳ ಗುರುತು ಹುಡುಕುತ್ತಾ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರಿಗೆ ಸಿಟ್ಟು ಬರಲಿಲ್ಲ. ಸರ್ಕಾರದ ದುಡ್ಡು, ದಾಖಲೆ ಕೇಳೋದು ಸರಿಯೇ ಅಂದರು. ಅದೇ ನಿಯಮ ಮೇಲಿನವರೆಗೂ ಹೋಗಬೇಕು ಅಂತ ನನ್ನ ಆಸೆ. ನೌಕರರ ಟಿಕೆಟ್‌ಗೆ ಇರುವಷ್ಟು ಕಟ್ಟುನಿಟ್ಟು ಜೆಟ್‌ನ ಟ್ರಿಪ್ ಶೀಟ್‌ಗೂ ಇರಲಿ, ಅದಕ್ಕಿಂತ ಜಾಸ್ತಿ ಬೇಡ, ಕಡಿಮೆಯೂ ಬೇಡ.

ಟ್ರಿಪ್ ಶೀಟ್ ಇಲ್ಲವೇ ಇಲ್ಲ ಅಂತಲ್ಲ. ವಾಯುಪಡೆ ಪ್ರಧಾನಿಯವರ ಹಾರಾಟಗಳಿಗೆ "ಸ್ಪೆಷಲ್ ಫ್ಲೈಟ್ ರಿಟರ್ನ್ಸ್" ಅನ್ನೋ ದಾಖಲೆ ಇಡುತ್ತದೆ. ಮಾಹಿತಿ ಹಕ್ಕಿನಡಿ ಒಬ್ಬ ನಿವೃತ್ತ ನೌಕಾಪಡೆ ಅಧಿಕಾರಿ ಅದನ್ನು ಕೇಳಿದರು. 2020ರಲ್ಲಿ ಕೇಂದ್ರ ಮಾಹಿತಿ ಆಯೋಗ ಕೊಡಿ ಅಂತ ಹೇಳಿತು. ಜೊತೆಗಿದ್ದವರ ಹೆಸರುಗಳು ಹೊರಬಂದರೆ ಭದ್ರತೆಗೆ ತೊಂದರೆ ಅಂತ ವಾಯುಪಡೆ ದೆಹಲಿ ಹೈಕೋರ್ಟ್‌ಗೆ ಹೋಯಿತು, ಅಲ್ಲಿ ತಡೆ ಸಿಕ್ಕಿತು. ಭದ್ರತಾ ಸಿಬ್ಬಂದಿಯ ಹೆಸರು ಮುಚ್ಚಿಡಲಿ, ಅದರಲ್ಲಿ ಅರ್ಥವಿದೆ. ಮುಂದಿನ ವಾರ ಯಾವ ದಾರಿಯಲ್ಲಿ ಹೋಗುತ್ತಾರೆ ಅನ್ನೋದೂ ಗುಟ್ಟಾಗಿರಲಿ. ಆದರೆ ಕಳೆದ ವರ್ಷ ಮುಗಿದುಹೋದ ಹಾರಾಟದಲ್ಲಿ ಯಾವ ಪಕ್ಷದ ಪದಾಧಿಕಾರಿ ಕೂತಿದ್ದರು, ಯಾವ ಉದ್ಯಮಿ ಕೂತಿದ್ದರು ಅನ್ನೋದು ಭದ್ರತೆಯ ಗುಟ್ಟು ಹೇಗಾಗುತ್ತದೆ? ನನಗಂತೂ ಒಪ್ಪಿಗೆಯಾಗುವುದಿಲ್ಲ.

ಬಾಡಿಗೆ ಬದಲು ಸ್ವಂತದ್ದೇ ಕೊಂಡರೆ ಅಗ್ಗ ಅಲ್ವಾ ಅಂತ ಕೇಳುವವರಿದ್ದಾರೆ. ಇದಕ್ಕೂ ಕಾಕಾ ಬಳಿ ಉತ್ತರ ಇದೆ. ಗಾಡಿ ನಿಂತರೂ ಇನ್ಶೂರೆನ್ಸ್, ಟ್ಯಾಕ್ಸ್, ಟೈರು ಕೇಳುತ್ತದೆ, ತಿಂಗಳಿಗೆ ಇಷ್ಟು ಬಾಡಿಗೆ ಸಿಕ್ಕರೆ ಮಾತ್ರ ಸ್ವಂತ ಗಾಡಿ ಗಿಟ್ಟುತ್ತದೆ. ವಿಮಾನಕ್ಕೆ ಹ್ಯಾಂಗರ್, ಎಂಜಿನಿಯರ್, ಪೈಲಟ್ ಸಂಬಳ ವರ್ಷಪೂರ್ತಿ. ಸ್ವಂತದ್ದು ಇದ್ದರೆ ಇನ್ನೊಂದು ಅಪಾಯ: ಹೇಗೂ ಇದೆಯಲ್ಲ ಅಂತ ಬೇಡದ ಕಡೆಗೂ ಹತ್ತೋದು. ಮಾರೋದೂ ಸುಲಭವಲ್ಲ. ಮೆಕ್ಸಿಕೋದಲ್ಲಿ ಲೋಪೆಜ್ ಒಬ್ರಡಾರ್ ಅಧ್ಯಕ್ಷರಾದಾಗ ಹಿಂದಿನವರು ಸುಮಾರು 21.8 ಕೋಟಿ ಡಾಲರ್‌ಗೆ ಕೊಂಡಿದ್ದ ಬೋಯಿಂಗ್ 787 ತನಗೆ ಬೇಡ ಅಂತ ಸಾಮಾನ್ಯ ವಿಮಾನದಲ್ಲೇ ಓಡಾಡಿದರು. ಜನ ಮೆಚ್ಚಿದರು. ಆದರೆ ಅದನ್ನು ಕೊಳ್ಳುವವರು ಸಿಗಲಿಲ್ಲ, ವರ್ಷಗಟ್ಟಲೆ ನಿಂತಲ್ಲೇ ನಿರ್ವಹಣೆ ಖರ್ಚು ತಿಂದಿತು, ಕೊನೆಗೆ 2023ರಲ್ಲಿ ತಜಕಿಸ್ತಾನಕ್ಕೆ ಸುಮಾರು 9.2 ಕೋಟಿ ಡಾಲರ್‌ಗೆ ಹೋಯಿತು. ಮಲಾವಿಯ ಜಾಯ್ಸ್ ಬಾಂಡಾ 2013ರಲ್ಲಿ ತಮ್ಮ ಜೆಟ್ ಮಾರಿ 1.5 ಕೋಟಿ ಡಾಲರ್ ಪಡೆದರು. ಕೊಳ್ಳೋದೋ ಬಾಡಿಗೆಯೋ ಅನ್ನೋದನ್ನ ವರ್ಷಕ್ಕೆ ಎಷ್ಟು ಗಂಟೆ ನಿಜವಾಗಿ ಬೇಕು ಅನ್ನೋ ಲೆಕ್ಕವೇ ತೀರ್ಮಾನಿಸಬೇಕು. ಆ ಲೆಕ್ಕಕ್ಕೂ ಹಳೆಯ ಟ್ರಿಪ್ ಶೀಟ್‌ಗಳೇ ಬೇಕು.

ಹೋಲಿಕೆಗೆ ಇನ್ನೊಂದು ಮಾತು. ಬೆಂಗಳೂರು, ಬೆಳಗಾವಿ ಮಧ್ಯೆ 2025ರ ಆಗಸ್ಟ್‌ನಿಂದ ವಂದೇ ಭಾರತ್ ಓಡುತ್ತಿದೆ, ಎಂಟೂವರೆ ಗಂಟೆ ಹಿಡಿಯುತ್ತದೆ. ನಿತ್ಯದ ವಿಮಾನ ಇದೆ. ಮುಖ್ಯಮಂತ್ರಿ ರೈಲಲ್ಲೇ ಬರಬೇಕು ಅಂತ ಯಾರೂ ಕೇಳುವುದಿಲ್ಲ. ಆದರೆ ಅಧಿವೇಶನದ ದಿನಾಂಕ ವಾರಗಳ ಮೊದಲೇ ಗೊತ್ತಿರುತ್ತದೆ. ಹೊತ್ತಿಗೆ ಸರಿಯಾಗಿ ನಿತ್ಯದ ವಿಮಾನ ಇದ್ದಾಗಲೂ ಬಾಡಿಗೆ ಜೆಟ್ ಹಿಡಿದರೆ, ಯಾಕೆ ಅಂತ ಕಡತದಲ್ಲಿ ಎರಡು ಸಾಲು ಇರಬೇಕು. ಟಾಮ್ ಪ್ರೈಸ್ ಸಿಕ್ಕಿಬಿದ್ದಿದ್ದು ಅಲ್ಲಿಯೇ, ಬೇರೆ ದಾರಿ ಇತ್ತು.

ಸದನದಲ್ಲಿ ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಇದನ್ನೆಲ್ಲ ಹೊರತೆಗೆಯಬಹುದು. ಆಗಾಗ ಕೇಳುತ್ತಾರೆ, ಉತ್ತರದಲ್ಲಿ ಒಟ್ಟು ಮೊತ್ತ ಬರುತ್ತದೆ, ಮರುದಿನ ಪತ್ರಿಕೆಯಲ್ಲಿ ಹೆಡ್‌ಲೈನ್ ಆಗುತ್ತದೆ. ಒಟ್ಟು ಮೊತ್ತದಿಂದ ಏನೂ ತಿಳಿಯೋದಿಲ್ಲ. ನೆರೆ ನೋಡೋಕೆ ಹೋದದ್ದೂ ಅದರಲ್ಲೇ, ಮದುವೆಗೆ ಹೋದದ್ದೂ ಅದರಲ್ಲೇ. ಹಾರಾಟವಾರು ಪಟ್ಟಿ ಬೇಕು.

ಅದಕ್ಕೆ ಈ ಸಲ ನಾನೇ ಮಾಹಿತಿ ಹಕ್ಕಿನಡಿ ಅರ್ಜಿ ಬರೆದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಇದನ್ನು ಮರೆತರೆ ಅಷ್ಟಕ್ಕೇ ತಿರಸ್ಕಾರ ಆಗಬಹುದು. ಉತ್ತರಕ್ಕೆ 30 ದಿನ. ಕಳೆದ ಅಧಿವೇಶನದ ಅವಧಿಯಲ್ಲಿ ಸರ್ಕಾರದ ಖರ್ಚಿನಲ್ಲಿ ಬೆಳಗಾವಿಗೆ ಬಂದು ಹೋದ ಬಾಡಿಗೆ ವಿಮಾನ, ಹೆಲಿಕಾಪ್ಟರ್‌ಗಳ ಪಟ್ಟಿ ಕೇಳಿದೆ. ದಿನಾಂಕ, ಹೊರಟ ಜಾಗ, ಇಳಿದ ಜಾಗ, ಪ್ರಯಾಣದ ಉದ್ದೇಶ, ಮಂಜೂರು ಮಾಡಿದ ಅಧಿಕಾರಿಯ ಹುದ್ದೆ, ಭದ್ರತಾ ಸಿಬ್ಬಂದಿ ಬಿಟ್ಟು ಜೊತೆಗಿದ್ದವರ ಹೆಸರು, ಪಾವತಿಸಿದ ಬಿಲ್‌ನ ಪ್ರತಿ.

ಬರೆದು ಮುಗಿಸಿ ಕಾಕಾ ಅವರಿಗೆ ಓದಿ ಹೇಳಿದೆ. ಕ್ರೂಸರ್‌ನ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು, ಆಮೇಲೆ ಡ್ಯಾಶ್‌ಬೋರ್ಡ್ ಮೇಲಿನ ನೋಟ್‌ಬುಕ್ ತೆಗೆದು ರಬ್ಬರ್ ಬ್ಯಾಂಡ್ ಬಿಚ್ಚಿ ತಮ್ಮ ಕಾಲಮ್‌ಗಳ ಜೊತೆ ಒಂದೊಂದಾಗಿ ತಾಳೆ ನೋಡಿದರು.

"ಖಾಲಿ ಹೊಳ್ಳಿ ಹೋಗಿದ್ದು ಕೇಳೇ ಇಲ್ಲಲ್ಲೋ ತಮ್ಮಾ" ಅಂದರು.

ಪದ ಎಣಿಸಿದೆ, ಇನ್ನೂ ಜಾಗ ಇತ್ತು. ಖಾಲಿ ಹಾರಾಟದ ಗಂಟೆ ಮತ್ತು ಮೊತ್ತ ಅಂತ ಕೊನೆಗೆ ಒಂದು ಸಾಲು ಸೇರಿಸಿ, ಮರುದಿನ ಸ್ಪೀಡ್ ಪೋಸ್ಟ್ ಮಾಡಿದೆ.